ಹದಿನೇಳು ಸೆಕೆಂಡು, ಎಂಟು ಪಾಯಿಂಟ್: 1974ರ ಆ ಪಂದ್ಯದಲ್ಲಿ ನಿಜಕ್ಕೂ ಆಗಿದ್ದೇನು?

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬಾಸ್ಕೆಟ್‌ಬಾಲ್ ಪ್ರಿಯರ ಮುಂದೆ "ಹದಿನೇಳು ಸೆಕೆಂಡು" ಅಂದರೆ ಸಾಕು. ಯಾವ ಪಂದ್ಯ, ಯಾವ ವರ್ಷ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1974ರ ಮಾರ್ಚ್ 2, ಶನಿವಾರ. ಚಾಪೆಲ್ ಹಿಲ್ ಊರಿನ ಕಾರ್ಮೈಕಲ್ ಆಡಿಟೋರಿಯಂ. ಆಟ ಮುಗಿಯಲು ಇನ್ನು 17 ಸೆಕೆಂಡು ಇದೆ. ಸ್ಕೋರ್‌ಬೋರ್ಡಿನಲ್ಲಿ ಡ್ಯೂಕ್ ವಿಶ್ವವಿದ್ಯಾಲಯ 86, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ 78. ಎಂಟು ಪಾಯಿಂಟ್ ಹಿಂದೆ ಇದ್ದ ಕೆರೊಲಿನಾ ಆ 17 ಸೆಕೆಂಡಿನಲ್ಲಿ ಸ್ಕೋರ್ ಸಮ ಮಾಡಿತು. ಆಮೇಲೆ ಓವರ್‌ಟೈಮ್‌ನಲ್ಲಿ, ಅಂದರೆ ಸ್ಕೋರ್ ಸಮವಾದಾಗ ಆಡಿಸುವ ಹೆಚ್ಚುವರಿ ಐದು ನಿಮಿಷದಲ್ಲಿ, 96–92ರಿಂದ ಗೆದ್ದೂ ಬಿಟ್ಟಿತು.

ಹೀಗೆ ಹೇಳಿದರೆ ಪವಾಡದ ಕಥೆ ಕೇಳಿದ ಹಾಗಿರುತ್ತದೆ. ಅಭಿಮಾನಿಗಳು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿರುವುದೂ ಹಾಗೇ. ಆದರೆ ಆ ಕಾಲದ ನಿಯಮಗಳನ್ನು ಎದುರಿಗಿಟ್ಟುಕೊಂಡು ನಿಧಾನಕ್ಕೆ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಅದೃಷ್ಟ ಕೆಲಸ ಮಾಡಿದ್ದು ಒಂದೆರಡು ಕಡೆ ಮಾತ್ರ. ಉಳಿದದ್ದು ನಿಯಮದ ಸಂದುಗಳು, ಮತ್ತು ಆ ಸಂದುಗಳಲ್ಲಿ ನುಗ್ಗುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿದ್ದ ಹುಡುಗರು.

ಮೊದಲು ಈ ಎರಡು ಕಾಲೇಜುಗಳ ಬಗ್ಗೆ ಎರಡು ಮಾತು. ಚಾಪೆಲ್ ಹಿಲ್‌ನಲ್ಲಿರುವ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ ಸರ್ಕಾರಿ ವಿಶ್ವವಿದ್ಯಾಲಯ. ಪಕ್ಕದ ಡರ್ಹಮ್‌ನಲ್ಲಿರುವ ಡ್ಯೂಕ್ ಖಾಸಗಿ. ಎರಡರ ನಡುವೆ ಇರುವುದು 16 ಕಿಲೋಮೀಟರ್ ಆಸುಪಾಸು. ಒಂದರದು ತಿಳಿ ನೀಲಿ, ಇನ್ನೊಂದರದು ಗಾಢ ನೀಲಿ. 1920ರಿಂದ ಇವರು ಬಾಸ್ಕೆಟ್‌ಬಾಲ್ ಆಡುತ್ತಾ ಬಂದಿದ್ದಾರೆ. ಒಂದೇ ಆಫೀಸಿನಲ್ಲಿ, ಒಂದೇ ಚರ್ಚಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಎರಡೂ ಕಡೆಯವರು ಇರುತ್ತಾರೆ. ಶನಿವಾರ ಸೋತರೆ ಸೋಮವಾರ ಬೆಳಿಗ್ಗೆ ಗೆದ್ದವರ ಮುಖ ನೋಡಲೇಬೇಕು. ಇಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಲ್ಲಿ ಕೆಲಸ ಮಾಡುತ್ತಾ ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಮಕ್ಕಳು ಶಾಲೆಗೆ ಸೇರಿದ ಮೇಲೆ ಮನೆಗೂ ಒಂದು ನೀಲಿ ಬಣ್ಣ ಬಂದೇ ಬರುತ್ತದೆ.

ಆ ವರ್ಷ ಎರಡು ತಂಡಗಳು ಸಮಬಲದವೇನೂ ಆಗಿರಲಿಲ್ಲ. ಕೆರೊಲಿನಾ ದೇಶದಲ್ಲಿ ನಾಲ್ಕನೇ ರ‍್ಯಾಂಕಿನ ತಂಡ, ಕೋಚ್ ಡೀನ್ ಸ್ಮಿತ್. ಡ್ಯೂಕ್‌ಗೆ ಅದು ಕೆಟ್ಟ ವರ್ಷ. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಮುಂದೆ ಡ್ಯೂಕ್ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಮೈಕ್ ಶಷೆವ್‌ಸ್ಕಿ ಕೋಚ್ ಆಗಿ ಬರಲು ಇನ್ನೂ ಆರು ವರ್ಷ ಇತ್ತು. ಇಂಥ ಡ್ಯೂಕ್ ತಂಡ, ಎದುರಾಳಿಯ ಊರಿನಲ್ಲಿ, ಸೀಸನ್ನಿನ ಕೊನೆಯ ಲೀಗ್ ಪಂದ್ಯದಲ್ಲಿ ಎಂಟು ಪಾಯಿಂಟ್ ಮುಂದಿತ್ತು. ಗೆಲುವು ಕೈಗೆ ಬಂದಿತ್ತು ಅಂತಲೇ ಹೇಳಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅದೇ ಸೀಸನ್ನಿನ ಜನವರಿಯಲ್ಲಿ ಡರ್ಹಮ್‌ನಲ್ಲಿ ಇದೇ ಎರಡು ತಂಡ ಆಡಿದ್ದವು. ಕೊನೆ ಗಳಿಗೆಯಲ್ಲಿ ಸ್ಕೋರ್ ಸಮ. ಡ್ಯೂಕ್ ಹುಡುಗ ಗೆರೆಯ ಹೊರಗಿಂದ ಒಳಗೆಸೆದ ಪಾಸನ್ನು ಕೆರೊಲಿನಾದ ಬಾಬಿ ಜೋನ್ಸ್ ನಡುವೆಯೇ ಕಸಿದುಕೊಂಡು ಬುಟ್ಟಿಗೆ ಹಾಕಿದ್ದ. 73–71. ಅಂದರೆ ಮಾರ್ಚ್ 2ರಂದು ಡ್ಯೂಕ್ ಆಟಗಾರರು ಗೆರೆಯ ಹೊರಗೆ ಚೆಂಡು ಹಿಡಿದು ನಿಂತಾಗ ಅವರ ತಲೆಯಲ್ಲಿ ಆ ಜನವರಿ ಇದ್ದೇ ಇತ್ತು ಅಂತ ನನ್ನ ಊಹೆ.

ಆ ಕಾಲದ ನಿಯಮಗಳು

ಈಗಿನ ಆಟ ನೋಡಿ ಅಭ್ಯಾಸವಾದವರಿಗೆ ಎಂಟು ಪಾಯಿಂಟ್ ಅಂದರೆ ದೊಡ್ಡದಲ್ಲ. ಗೆರೆಯಾಚೆ ದೂರದಿಂದ ಎಸೆದು ಹಾಕಿದರೆ ಮೂರು ಪಾಯಿಂಟ್, ಅಂಥವು ಎರಡು ಬಿದ್ದರೆ ಆರು ಬಂತು. ಆದರೆ 1974ರಲ್ಲಿ ಕಾಲೇಜು ಆಟದಲ್ಲಿ ಮೂರು ಪಾಯಿಂಟ್ ಗೆರೆಯೇ ಇರಲಿಲ್ಲ. ದೇಶದ ಎಲ್ಲ ಕಾಲೇಜುಗಳಿಗೂ ಅದು ಬಂದಿದ್ದು 1986–87ರಲ್ಲಿ. ಎಲ್ಲಿಂದ ಎಸೆದರೂ ಎರಡೇ. ಎದುರಾಳಿ ಫೌಲ್ ಮಾಡಿದಾಗ, ಅಂದರೆ ನಿಯಮ ಮೀರಿ ಮೈಮೇಲೆ ಬಿದ್ದಾಗ, ಅಡ್ಡ ಯಾರೂ ಇಲ್ಲದೆ ಎಸೆಯಲು ಸಿಗುವ ಫ್ರೀ ಥ್ರೋ ಆದರೆ ಒಂದೊಂದು. ಹಾಗಾಗಿ ಎಂಟು ಪಾಯಿಂಟ್ ಅಂದರೆ ನಾಲ್ಕು ಸಲ ಸ್ಕೋರ್ ಮಾಡಬೇಕು. ನಾಲ್ಕು ಸಲ ಸ್ಕೋರ್ ಮಾಡಬೇಕಾದರೆ ನಾಲ್ಕು ಸಲ ಚೆಂಡು ಕೈಗೆ ಬರಬೇಕು. ಡ್ಯೂಕ್ ಆ ನಡುವೆ ಒಂದೇ ಒಂದು ಪಾಯಿಂಟ್ ಮಾಡಿದರೂ ಲೆಕ್ಕ ಕೆಟ್ಟಿತು.

ಎರಡನೆಯದು ಗಡಿಯಾರ. ಕ್ರಿಕೆಟ್‌ನಲ್ಲಿ ಕೊನೆಯ ಓವರ್ ಎಷ್ಟು ಹೊತ್ತು ಹಿಡಿದರೂ ಆರು ಬಾಲ್ ಸಿಕ್ಕೇ ಸಿಗುತ್ತವೆ. ಇಲ್ಲಿ ಹಾಗಿಲ್ಲ, ಹೊತ್ತು ಹೋದರೆ ಹೋಯಿತು. ಈಗ ಕೊನೆಯ ನಿಮಿಷದಲ್ಲಿ ಬುಟ್ಟಿಗೆ ಚೆಂಡು ಬಿದ್ದ ತಕ್ಷಣ ಗಡಿಯಾರ ನಿಲ್ಲುತ್ತದೆ. ಆಗ ನಿಲ್ಲುತ್ತಿರಲಿಲ್ಲ. ಚೆಂಡು ಬುಟ್ಟಿಯಿಂದ ಕೆಳಗೆ ಬಿದ್ದು ಉರುಳುತ್ತಿದ್ದರೂ ಸೆಕೆಂಡುಗಳು ಓಡುತ್ತಲೇ ಇರುತ್ತಿದ್ದವು. ಬುಟ್ಟಿ ಹಾಕಿದ ಮೇಲೆ ಹಿಂದಿರುವ ತಂಡಕ್ಕೆ ಅದನ್ನು ತಕ್ಷಣ ನಿಲ್ಲಿಸುವ ದಾರಿ ಟೈಮ್‌ಔಟ್, ಅಂದರೆ ತಂಡ ಕೇಳಿ ಪಡೆಯುವ ಸಣ್ಣ ವಿರಾಮ, ಒಂದೇ. ಅದನ್ನು ಉಳಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಶಾಟ್ ಕ್ಲಾಕ್ ಕೂಡ ಆಗ ಇರಲಿಲ್ಲ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಯ ಕಡೆ ಎಸೆಯಲೇಬೇಕು ಅನ್ನುವ ಒತ್ತಾಯ ಯಾರಿಗೂ ಇಲ್ಲ. ಮುಂದಿರುವ ತಂಡ ಸುಮ್ನೆ ಚೆಂಡು ಹಿಡಿದುಕೊಂಡು ಅವರಿಂದ ಇವರಿಗೆ, ಇವರಿಂದ ಅವರಿಗೆ ಕೊಡುತ್ತಾ ನಿಂತರೂ ಸರಿಯೇ. ತಮಾಷೆ ಅಂದರೆ, ಈ ಕಾಲಹರಣದ ಕಲೆಯಲ್ಲಿ ಡೀನ್ ಸ್ಮಿತ್ ಅವರನ್ನು ಮೀರಿಸಿದವರಿಲ್ಲ. ಅಂಗಳದ ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸಿ, ನಡುವೆ ಒಬ್ಬನಿಗೆ ಚೆಂಡು ಕೊಟ್ಟು, ಎದುರಾಳಿಗಳನ್ನು ಸುಸ್ತು ಹೊಡೆಸುತ್ತಿದ್ದರು. 'ಫೋರ್ ಕಾರ್ನರ್ಸ್' ಅಂತ ಅದಕ್ಕೆ ಹೆಸರು. ಆ ದಿನ ಮಾತ್ರ ಕಾಲಹರಣದ ಅವಕಾಶ ಎದುರಾಳಿಯ ಕೈಯಲ್ಲಿತ್ತು.

ಹಾಗಾದರೆ ಕೆರೊಲಿನಾಗೆ ಇದ್ದ ದಾರಿ ಯಾವುದು? ಎರಡು ಸಣ್ಣ ನಿಯಮಗಳು.

ಒಂದು, ಐದು ಸೆಕೆಂಡಿನ ನಿಯಮ. ಒಂದು ತಂಡ ಸ್ಕೋರ್ ಮಾಡಿದ ಮೇಲೆ ಇನ್ನೊಂದು ತಂಡ ಗೆರೆಯ ಹೊರಗೆ ನಿಂತು ಚೆಂಡನ್ನು ಒಳಗೆ ಎಸೆಯಬೇಕು. ಐದು ಸೆಕೆಂಡಿನೊಳಗೆ. ನೋಡೋಕೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎಸೆಯುವವನು ಹೊರಗಿದ್ದಾನೆ, ಅಂದರೆ ಒಳಗೆ ಅವನ ಕಡೆಯವರು ನಾಲ್ಕೇ ಜನ. ಎದುರಿಗೆ ಐದು ಜನ. ಆ ನಾಲ್ವರಿಗೆ ನಾಲ್ವರು ಅಂಟಿಕೊಂಡರೆ, ಐದನೆಯವನು ಎಸೆಯುವವನ ಮುಖದ ಮುಂದೆ ಕೈ ಬೀಸುತ್ತಾ ಕುಣಿಯುತ್ತಾನೆ. ಇಡೀ ಆಟದಲ್ಲಿ ಚೆಂಡು ಕೈಯಲ್ಲಿರುವ ತಂಡವೇ ಕಮ್ಮಿ ಜನರಿಂದ ಆಡುವ ಗಳಿಗೆ ಇದೊಂದೇ.

ಇನ್ನೊಂದು 'ಒನ್ ಆ್ಯಂಡ್ ಒನ್' ನಿಯಮ. ಒಂದು ತಂಡ ಇಷ್ಟಕ್ಕಿಂತ ಜಾಸ್ತಿ ಫೌಲ್ ಮಾಡಿದ್ದರೆ, ಆಮೇಲಿನ ಪ್ರತಿ ಸಾಧಾರಣ ಫೌಲಿಗೂ ಎದುರಾಳಿಗೆ ಫ್ರೀ ಥ್ರೋ ಸಿಗುತ್ತದೆ. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಮೊದಲನೆಯದೇ ತಪ್ಪಿದರೆ ಅಲ್ಲಿಗೆ ಮುಗಿಯಿತು, ಚೆಂಡು ಯಾರಿಗೆ ಸಿಕ್ಕಿದರೆ ಅವರದು. ಹಿಂದಿರುವ ತಂಡಕ್ಕೆ ಇದೊಂದು ಜೂಜು. ಬೇಕಂತಲೇ ಫೌಲ್ ಮಾಡು, ಗಡಿಯಾರ ನಿಲ್ಲಿಸು, ಅವನು ತಪ್ಪಲಿ ಅಂತ ಕಾಯಿ.

ಆ ಹದಿನೇಳು ಸೆಕೆಂಡು

ಈಗ ಒಂದೊಂದಾಗಿ ನೋಡೋಣ.

17 ಸೆಕೆಂಡು ಇರುವಾಗ ಬಾಬಿ ಜೋನ್ಸ್‌ಗೆ ಎರಡು ಫ್ರೀ ಥ್ರೋ. ಎರಡೂ ಬಿದ್ದವು. 86–80. ಫ್ರೀ ಥ್ರೋ ಹೊತ್ತಿನಲ್ಲಿ ಗಡಿಯಾರ ಓಡುವುದಿಲ್ಲ, ಹಾಗಾಗಿ ಈ ಎರಡು ಪಾಯಿಂಟಿಗೆ ಒಂದು ಸೆಕೆಂಡೂ ಖರ್ಚಾಗಲಿಲ್ಲ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಎಂಟರಲ್ಲಿ ಎರಡು ಪುಕ್ಕಟೆ ಬಂದವು, 17 ಸೆಕೆಂಡೂ ಉಳಿದ ಆರಕ್ಕೇ ಸಿಕ್ಕಿತು.

ಫ್ರೀ ಥ್ರೋ ಮುಗಿದ ಕೂಡಲೇ ಕೆರೊಲಿನಾದ ಐವರೂ ಡ್ಯೂಕ್ ಮೇಲೆ ಮುಗಿಬಿದ್ದರು. ಒಳಗೆಸೆದ ಚೆಂಡು ಡ್ಯೂಕ್ ಕೈಗೆ ಸೇರಲಿಲ್ಲ. ಜಾನ್ ಕ್ಯುಸ್ಟರ್ ಬುಟ್ಟಿಯ ಬುಡದಿಂದಲೇ ಹಾಕಿದ. 86–82. ತಕ್ಷಣ ಟೈಮ್‌ಔಟ್.

ಮತ್ತೆ ಡ್ಯೂಕ್ ಒಳಗೆ ಎಸೆಯಬೇಕು. ಮತ್ತೆ ಅದೇ ಐದು ಜನ, ಅದೇ ಕೈ ಬೀಸಾಟ. ಮತ್ತೆ ಚೆಂಡು ಹೋಯಿತು. ಈ ಸಲ ಹಾಕಿದ್ದು ಬಾಬಿ ಜೋನ್ಸ್. 86–84. ಉಳಿದಿದ್ದು ಆರು ಸೆಕೆಂಡು. ಇನ್ನೊಂದು ಟೈಮ್‌ಔಟ್.

ಮೂರನೇ ಸಲ ಡ್ಯೂಕ್ ಚೆಂಡನ್ನು ಒಳಗೆ ತಂದಿತು. ಕೆರೊಲಿನಾಗೆ ಫೌಲ್ ಮಾಡುವುದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಫ್ರೀ ಥ್ರೋ ಗೆರೆಗೆ ಬಂದು ನಿಂತವನು ಡ್ಯೂಕ್‌ನ ಪೀಟ್ ಕ್ರೇಮರ್. ಒನ್ ಆ್ಯಂಡ್ ಒನ್.

ಇಡೀ ಪಂದ್ಯ ಇಲ್ಲಿ ನಿಂತಿತ್ತು ಅಂತ ನನಗೆ ಅನ್ನಿಸುತ್ತದೆ, ಕೊನೆಯ ಎಸೆತದಲ್ಲಿ ಅಲ್ಲ. ಲೆಕ್ಕ ಹಾಕಿ ನೋಡಿ. ಕ್ರೇಮರ್ ಎರಡೂ ಹಾಕಬೇಕಾಗಿರಲಿಲ್ಲ, ಒಂದು ಹಾಕಿದ್ದರೂ ಸಾಕಿತ್ತು. ಸ್ಕೋರ್ 87–84 ಆಗುತ್ತಿತ್ತು. ಮೂರರ ಗೆರೆಯೇ ಇಲ್ಲದ ಕಾಲದಲ್ಲಿ, ಮೂರು ನಾಲ್ಕು ಸೆಕೆಂಡಿನಲ್ಲಿ, ಮೂರು ಪಾಯಿಂಟ್ ಅಂತರವನ್ನು ಒಂದು ಎಸೆತದಿಂದ ತುಂಬಿಸುವ ದಾರಿ ಇರಲಿಲ್ಲ. ಎಸೆಯುವಾಗ ಡ್ಯೂಕ್ ದಡ್ಡತನದಿಂದ ಫೌಲ್ ಮಾಡಿದರೆ ಮಾತ್ರ. ಒಂದು ಫ್ರೀ ಥ್ರೋ, ಹದಿನೈದು ಅಡಿ ದೂರ, ಅಡ್ಡ ಯಾರೂ ಇಲ್ಲ. ಅದು ತಪ್ಪಿತು. ರೀಬೌಂಡ್, ಅಂದರೆ ತಪ್ಪಿ ಪುಟಿದು ಬಂದ ಚೆಂಡು, ಹಿಡಿದ ಕೆರೊಲಿನಾದ ಎಡ್ ಸ್ಟಾಲ್ ಕೂಡಲೇ ಟೈಮ್‌ಔಟ್ ಕೇಳಿದ. ಮೂರು ಸೆಕೆಂಡು.

ಇನ್ನು ಎಲ್ಲರಿಗೂ ಗೊತ್ತಿರುವ ಭಾಗ. ಮಿಚ್ ಕಪ್‌ಚಾಕ್ ತಮ್ಮ ಬುಟ್ಟಿಯ ಕೆಳಗಿನ ಗೆರೆಯಿಂದ ಉದ್ದಕ್ಕೆ ಎಸೆದ. ಅಂಗಳದ ನಡುವಿನ ಹತ್ತಿರ ವಾಲ್ಟರ್ ಡೇವಿಸ್ ಹಿಡಿದ. ಒಂದೆರಡು ಹೆಜ್ಜೆ ಮುಂದೆ ಬಂದು, ಬಜರ್ ಆಗುವ ಹೊತ್ತಿಗೆ ಎಸೆದೇ ಬಿಟ್ಟ. ಚೆಂಡು ಬೋರ್ಡಿಗೆ ಬಡಿದು ಬುಟ್ಟಿಯೊಳಗೆ ಬಿತ್ತು. 86–86.

ಎಷ್ಟು ದೂರದಿಂದ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವರು 30 ಅಡಿ ಅನ್ನುತ್ತಾರೆ, ಕೆಲವರು 35. ವರ್ಷ ಕಳೆದ ಹಾಗೆ ಆ ಎಸೆತ ಉದ್ದವಾಗುತ್ತಲೇ ಇದೆ, ಅದು ಸಹಜ ಬಿಡಿ. ಎಷ್ಟೇ ಇರಲಿ, ಮುಂದೆ ಬಂದ ಮೂರರ ಗೆರೆಗಿಂತ ಬಹಳ ಹಿಂದಿನಿಂದಲೇ ಎಸೆದಿದ್ದು. ಇವತ್ತಿನ ನಿಯಮ ಇದ್ದಿದ್ದರೆ ಅಲ್ಲೇ 87–86, ಕೆರೊಲಿನಾ ಗೆಲುವು. ಓವರ್‌ಟೈಮ್ ಬೇಕಾಗಿಯೇ ಇರಲಿಲ್ಲ.

ಡೇವಿಸ್ ಆಗ ಮೊದಲ ವರ್ಷದ ವಿದ್ಯಾರ್ಥಿ. ಇದರಲ್ಲೂ ಒಂದು ನಿಯಮದ ಪಾತ್ರ ಇದೆ. 1972–73ರ ಸೀಸನ್ ಶುರುವಾಗುವವರೆಗೆ ಮೊದಲ ವರ್ಷದವರು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವ ಹಾಗೇ ಇರಲಿಲ್ಲ, ಅವರದೇ ಬೇರೆ ತಂಡ ಇರುತ್ತಿತ್ತು. ಆ ನಿಯಮ ಇನ್ನೆರಡು ವರ್ಷ ಉಳಿದಿದ್ದರೆ ಮಾರ್ಚ್ 2ರಂದು ಡೇವಿಸ್ ಅಂಗಳದಲ್ಲೇ ಇರುತ್ತಿರಲಿಲ್ಲ.

ಓವರ್‌ಟೈಮ್ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಐದು ನಿಮಿಷ ಆಡಿದರು, ಡ್ಯೂಕ್ ಸುಲಭಕ್ಕೆ ಬಿಡಲಿಲ್ಲ, 96–92ಕ್ಕೆ ಮುಗಿಯಿತು. ಅಭಿಮಾನಿಗಳೂ ಆ ಐದು ನಿಮಿಷವನ್ನು ಅಷ್ಟಾಗಿ ನೆನೆಯುವುದಿಲ್ಲ.

ಅಭ್ಯಾಸ ಎಷ್ಟು, ಅದೃಷ್ಟ ಎಷ್ಟು?

ಡೀನ್ ಸ್ಮಿತ್ 1961ರಿಂದ 1997ರವರೆಗೆ ಕೆರೊಲಿನಾ ಕೋಚ್ ಆಗಿದ್ದವರು. ನಿವೃತ್ತಿಯಾದಾಗ 879 ಗೆಲುವು ಅವರ ಹೆಸರಿನಲ್ಲಿತ್ತು, ಆಗ ಅದೇ ದಾಖಲೆ. ಅವರ ಎರಡು ಅಭ್ಯಾಸಗಳು ಈ ಕಥೆಗೆ ಬೇಕು. ಒಂದು, ಟೈಮ್‌ಔಟ್ ವಿಷಯದಲ್ಲಿ ಮಹಾ ಜಿಪುಣರು. ಮೊದಲೇ ಖರ್ಚು ಮಾಡದೆ ಕೊನೆಗೆ ಅಂತ ಕೂಡಿಡುತ್ತಿದ್ದರು. ಬುಟ್ಟಿ ಬಿದ್ದರೂ ಗಡಿಯಾರ ನಿಲ್ಲದ ಆ ಕಾಲದಲ್ಲಿ ಇದಕ್ಕೆ ಎಷ್ಟು ಬೆಲೆ ಅಂತ ಮೇಲೆ ನೋಡಿದೆವಲ್ಲ. ಅವತ್ತು ಟೈಮ್‌ಔಟ್ ಖಾಲಿಯಾಗಿದ್ದರೆ 86–82ಕ್ಕೇ ಕಥೆ ಮುಗಿಯುತ್ತಿತ್ತು.

ಇನ್ನೊಂದು, ಇಂಥ ಸಂದರ್ಭಗಳನ್ನೇ ಅಭ್ಯಾಸ ಮಾಡಿಸುತ್ತಿದ್ದರು. ಇಷ್ಟು ಪಾಯಿಂಟ್ ಹಿಂದೆ ಇದ್ದೀರಿ, ಇಷ್ಟು ಸೆಕೆಂಡು ಇದೆ, ಆಡಿ ಅಂತ ಗಡಿಯಾರ ಹಾಕಿಬಿಡುವುದು. ಹಾಗಾಗಿ ಆ ಹುಡುಗರಿಗೆ ಆ 17 ಸೆಕೆಂಡು ಹೊಸದಾಗಿರಲಿಲ್ಲ. ಯಾರು ಯಾರಿಗೆ ಅಂಟಿಕೊಳ್ಳಬೇಕು, ಹಾಕಿದ ತಕ್ಷಣ ಟೈಮ್‌ಔಟ್ ಕೇಳಬೇಕು, ಯಾವಾಗ ಫೌಲ್ ಮಾಡಬೇಕು, ಎಲ್ಲ ಗೊತ್ತಿತ್ತು. ಎದುರಿಗಿದ್ದ ಡ್ಯೂಕ್ ಹುಡುಗರಿಗೆ ಅದು ಒಂದರ ಮೇಲೊಂದು ಬಂದ ಗಾಬರಿ.

ಹಾಗಾದರೆ ಅದೃಷ್ಟ ಎಲ್ಲಿ? ಕ್ರೇಮರ್ ತಪ್ಪಿದ್ದು, ಡೇವಿಸ್ ಎಸೆತ ಬೋರ್ಡಿಗೆ ಬಡಿದು ಒಳಗೆ ಬಿದ್ದದ್ದು. ಎರಡೇ. ಅಷ್ಟು ದೂರದಿಂದ ಬೋರ್ಡಿಗೆ ಹೊಡೆದು ಹಾಕುವುದನ್ನು ಯಾವ ಕೋಚೂ ಅಭ್ಯಾಸ ಮಾಡಿಸುವುದಿಲ್ಲ. ಆದರೆ ಆ ಎರಡು ಅದೃಷ್ಟ ಬಂದು ಬಾಗಿಲು ತಟ್ಟುವ ಹೊತ್ತಿಗೆ ಸ್ಕೋರ್ 86–84 ಆಗಿತ್ತು, ಕೈಯಲ್ಲಿ ಇನ್ನೂ ಒಂದು ಟೈಮ್‌ಔಟ್ ಇತ್ತು. ಅದು ಅದೃಷ್ಟದಿಂದ ಬಂದಿದ್ದಲ್ಲ.

ಗೆದ್ದು ಸಿಕ್ಕಿದ್ದೇನು?

ಏನೂ ಇಲ್ಲ! ನನಗೆ ಈ ಪಂದ್ಯದಲ್ಲಿ ಬಹಳ ಇಷ್ಟವಾಗುವುದೇ ಇದು. ಆ ಕಾಲದಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಗೆ ಈ ಎರಡೂ ತಂಡಗಳಿರುವ ಲೀಗ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಿಂದ ಒಂದೇ ತಂಡ ಹೋಗಬಹುದಿತ್ತು. ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗಷ್ಟೇ ಅವಕಾಶ. ಈ ಪಂದ್ಯ ಆದ ಮುಂದಿನ ವಾರವೇ ಕೆರೊಲಿನಾ ಅಲ್ಲಿ ಮೇರಿಲ್ಯಾಂಡ್ ಎದುರು ಹೀನಾಯವಾಗಿ ಸೋತಿತು. ಆ ಮೇರಿಲ್ಯಾಂಡ್ ಫೈನಲ್‌ನಲ್ಲಿ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಓವರ್‌ಟೈಮ್‌ನಲ್ಲಿ 103–100ರಿಂದ ಸೋತು ಮನೆಗೆ ಹೋಯಿತು. ದೇಶದ ಒಳ್ಳೆಯ ತಂಡಗಳಲ್ಲಿ ಒಂದು ಹೀಗೆ ಹೊರಗುಳಿದಿದ್ದು ಎಲ್ಲರಿಗೂ ಚುಚ್ಚಿತು. 1975ರಿಂದ ಒಂದು ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಬಾಗಿಲು ತೆರೆಯಿತು. 1974ರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದು ಅದೇ ಸ್ಟೇಟ್ ತಂಡ. ಅಂದರೆ ಆ ಸೀಸನ್ನಿನ ಇತಿಹಾಸ ಬರೆದರೆ ಮಾರ್ಚ್ 2ರ ಪಂದ್ಯಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಆದರೂ ಜನ ನೆನೆಯುವುದು ಇದನ್ನೇ. ಅದಕ್ಕೆ ಕಾರಣ ಎದುರಾಳಿ ಯಾರು ಅನ್ನುವುದು. ಇದೇ 17 ಸೆಕೆಂಡು ದೂರದ ಯಾವುದೋ ಕಾಲೇಜಿನ ಎದುರು ಆಗಿದ್ದರೆ ದಾಖಲೆ ಪುಸ್ತಕದಲ್ಲಿ ಇರುತ್ತಿತ್ತು, ಊಟದ ಮೇಜಿನ ಮಾತಿನಲ್ಲಿ ಇರುತ್ತಿರಲಿಲ್ಲ. ಡ್ಯೂಕ್ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಈ ಮಾತು ತೆಗೆಯಲು ಒಂದು ನೆಪ ಸಿಗುತ್ತದೆ. ಕಾರ್ಮೈಕಲ್ ಆಗ ಹತ್ತು ಸಾವಿರ ಜನರನ್ನೂ ಹಿಡಿಸದ ಜಾಗ. "ನಾನು ಅಲ್ಲೇ ಇದ್ದೆ" ಅನ್ನುವವರನ್ನೆಲ್ಲ ಒಟ್ಟು ಸೇರಿಸಿದರೆ ಅದರ ಹತ್ತು ಪಟ್ಟು ಆದೀತೇನೋ. ಸೋತೇ ಹೋಯಿತು ಅಂತ ಬೇಗ ಎದ್ದು ಕಾರಿನ ಕಡೆ ಹೋಗಿ, ಒಳಗಿನ ಗದ್ದಲ ಕೇಳಿ ವಾಪಸ್ ಓಡಿ ಬಂದವರ ಕಥೆಗಳೂ ಇವೆ. ಇನ್ನೊಂದಷ್ಟು ಜನರಿಗೆ ಈ ಪಂದ್ಯ ಕಣ್ಣಿಗಿಂತ ಕಿವಿಯಲ್ಲಿ ಉಳಿದಿದೆ. 1971ರಿಂದ ನಲವತ್ತು ವರ್ಷ ಕೆರೊಲಿನಾ ಆಟಗಳಿಗೆ ರೇಡಿಯೋ ಕಾಮೆಂಟರಿ ಹೇಳಿದವರು ವುಡಿ ಡರ್ಹಮ್. ಟಿವಿ ಶಬ್ದ ಬಂದ್ ಮಾಡಿ ಅವರ ದನಿ ಹಾಕಿಕೊಂಡು ಆಟ ನೋಡುವುದು ಅಲ್ಲಿನ ಎಷ್ಟೋ ಮನೆಗಳ ಪದ್ಧತಿ ಆಗಿತ್ತು.

ಡ್ಯೂಕ್ ಕಡೆಯವರು ಈ ಪಂದ್ಯದ ಮಾತು ಬಂದರೆ 1979ರ ಫೆಬ್ರವರಿ 24 ನೆನಪಿಸುತ್ತಾರೆ. ನ್ಯಾಯವೇ ಬಿಡಿ. ಅವತ್ತು ಡರ್ಹಮ್‌ನಲ್ಲಿ ಡೀನ್ ಸ್ಮಿತ್ ಚೆಂಡು ಹಿಡಿದು ಕಾಯುವ ತಂತ್ರ ಹೂಡಿದರು. ಅರ್ಧ ಆಟ ಮುಗಿದಾಗ ಸ್ಕೋರ್ ಡ್ಯೂಕ್ 7, ಕೆರೊಲಿನಾ ಸೊನ್ನೆ. ಕೆರೊಲಿನಾದ ಎಸೆತವೊಂದು ಬುಟ್ಟಿ, ಬೋರ್ಡು ಯಾವುದನ್ನೂ ಮುಟ್ಟದೆ ಹೋದಾಗ ಡ್ಯೂಕ್ ವಿದ್ಯಾರ್ಥಿಗಳು ಎಳೆದು ಎಳೆದು "ಏರ್ ಬಾಲ್" ಅಂತ ಕೂಗಿದರು. ಈಗ ಎಲ್ಲ ಕಡೆ ಕೇಳುವ ಆ ಕೂಗು ಹುಟ್ಟಿದ್ದು ಅಲ್ಲೇ ಅನ್ನುತ್ತಾರೆ. ಡ್ಯೂಕ್ 47–40ರಿಂದ ಗೆದ್ದಿತು. ಅದೇ ಕೋಚ್, ಅದೇ ಎದುರಾಳಿ. ಒಂದು ಸಲ 17 ಸೆಕೆಂಡಿನಲ್ಲಿ ಎಂಟು, ಇನ್ನೊಂದು ಸಲ 20 ನಿಮಿಷದಲ್ಲಿ ಸೊನ್ನೆ. ಶಾಟ್ ಕ್ಲಾಕ್ ಬಂದ ಮೇಲೆ ಈ ಎರಡನೆಯ ಥರದ ಆಟಕ್ಕೆ ಅವಕಾಶವೇ ಇಲ್ಲ.

ಆ ಹುಡುಗರಲ್ಲಿ ಬಹಳ ಜನ ದೊಡ್ಡವರಾದರು. ಬಾಬಿ ಜೋನ್ಸ್ 1983ರಲ್ಲಿ ಫಿಲಡೆಲ್ಫಿಯಾ ತಂಡದೊಂದಿಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಗೆದ್ದರು. ಕಪ್‌ಚಾಕ್ ಲಾಸ್ ಏಂಜಲಿಸ್ ಲೇಕರ್ಸ್‌ನ ಜನರಲ್ ಮ್ಯಾನೇಜರ್ ಆದರು, ಕ್ಯುಸ್ಟರ್ ಡೆಟ್ರಾಯಿಟ್‌ನ ಕೋಚ್. ವಾಲ್ಟರ್ ಡೇವಿಸ್ 1976ರ ಒಲಿಂಪಿಕ್ಸ್‌ನಲ್ಲಿ ಡೀನ್ ಸ್ಮಿತ್ ಕೋಚಿಂಗ್‌ನಲ್ಲೇ ಚಿನ್ನ ಗೆದ್ದರು, ಆಮೇಲೆ ಫೀನಿಕ್ಸ್ ತಂಡದ ಕಣ್ಮಣಿ ಆದರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. 2022ರ ಏಪ್ರಿಲ್ 2ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಡ್ಯೂಕ್ ಮತ್ತು ಕೆರೊಲಿನಾ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ಎದುರಾದವು. 81–77ರಿಂದ ಗೆದ್ದು ಶಷೆವ್‌ಸ್ಕಿ ಅವರ ಕೊನೆಯ ಪಂದ್ಯವನ್ನು ಸೋಲಾಗಿಸಿದ ಕೆರೊಲಿನಾ ಕೋಚ್ ಹ್ಯೂಬರ್ಟ್ ಡೇವಿಸ್. ಈ ಹ್ಯೂಬರ್ಟ್‌ಗೆ ವಾಲ್ಟರ್ ಚಿಕ್ಕಪ್ಪ.

ಈ ಎರಡು ತಂಡಗಳ ಆಟ ನೋಡಬೇಕು ಅನ್ನಿಸಿದರೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಒಂದು, ಮಾರ್ಚ್ ಮೊದಲ ವಾರದ ಆಸುಪಾಸಿನಲ್ಲಿ ಇನ್ನೊಂದು ಇರುತ್ತದೆ. ಅಲ್ಲಿ ಶನಿವಾರ ಸಂಜೆ ಆರೂವರೆಗೆ ಶುರುವಾದರೆ ನಮಗೆ ಭಾನುವಾರ ಬೆಳಿಗ್ಗೆ ಐದು ಗಂಟೆ. ಕೊನೆಯ ನಿಮಿಷ ಬಂದಾಗ ಚೆಂಡು ಇರುವ ಕಡೆ ಎಲ್ಲರೂ ನೋಡುತ್ತಾರೆ. ನೀವು ಗೆರೆಯ ಹೊರಗೆ ನಿಂತು ಒಳಗೆ ಎಸೆಯುವವನನ್ನು ನೋಡಿ, ಆಮೇಲೆ ಸ್ಕೋರ್‌ಬೋರ್ಡಿನಲ್ಲಿ ಯಾವ ತಂಡಕ್ಕೆ ಎಷ್ಟು ಟೈಮ್‌ಔಟ್ ಉಳಿದಿದೆ ಅಂತ ಒಂದು ಸಲ ಕಣ್ಣು ಹಾಯಿಸಿ.